ಮಣ್ಣಾಗುತ್ತಿರುವ ಕಲ್ಲಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಡೆಯ ಶಾಲೆಮಕ್ಕಳಿಗಾಗಿ ಕಲ್ಲು, ಮಣ್ಣಿನ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಅದಕ್ಕೆ ಒಂದು ಪದ ಬೇಕಾಗಿದೆ.

ರಸ್ತೆಗೋ ಮನೆಗೋ ಅಂತ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಬದಿಗೆ ಕೊಡಗಿನಲ್ಲಿ ಬರೆ ಅನ್ನುತ್ತೇವೆ. ಹೊಸದಾಗಿ ಕಡಿದ ಬರೆಯನ್ನು ನೋಡಿ. ಮೇಲೆ ತರಗೆಲೆ ಬೆರೆತ ಕಪ್ಪು ಮಣ್ಣು, ಕೆಳಗೆ ಕೆಂಪು ಮಣ್ಣು. ಅದಕ್ಕೂ ಕೆಳಗೆ ಹಳದಿ, ಬಿಳಿ, ನಸುಗೆಂಪು ಬೆರೆತ ಒಂದು ಭಾಗ ಇರುತ್ತದೆ. ಮೂಲ ಬಂಡೆಯಲ್ಲಿದ್ದ ಪಟ್ಟೆಗಳು, ಬಿರುಕುಗಳು ಅದರಲ್ಲಿ ಹಾಗೇ ಕಾಣುತ್ತವೆ. ದೂರದಿಂದ ಕಲ್ಲೇ. ಮುಟ್ಟಿದರೆ ಪುಡಿಪುಡಿ. ನನಗೆ ಹೆಸರು ಬೇಕಾಗಿರುವುದು ಇದಕ್ಕೆ. ಭೂವಿಜ್ಞಾನದಲ್ಲಿ ಇದು ಸ್ಯಾಪ್ರೊಲೈಟ್. 1895ರಲ್ಲಿ ಅಮೆರಿಕದ ಭೂವಿಜ್ಞಾನಿ ಜಾರ್ಜ್ ಬೆಕರ್ ಗ್ರೀಕ್ ಪದಗಳಿಂದ ಕಟ್ಟಿದ ಹೆಸರು. ಸುಮ್ನೆ ಅರ್ಥ ಬಿಡಿಸಿದರೆ 'ಕೊಳೆತ ಕಲ್ಲು'.

ಕಲ್ಲು ಹೀಗಾಗುವುದು ಹೇಗೆ ಅಂತ ಹೇಳಿದರೆ ಪದ ಹುಡುಕುವುದು ಸುಲಭವಾಗಬಹುದು. ಕೊಡಗಿನ ಚಾರ್ನೊಕೈಟ್, ನೈಸ್ ಎಂಬ ಬಂಡೆಗಳು ಬಹಳ ಹಳೆಯವು. ಕೆಲವು 300 ಕೋಟಿ ವರ್ಷಗಳಷ್ಟು ಹಿಂದಿನವು. ಭೂಮಿಯ ಹೊರಚಿಪ್ಪಿನ ಬಲು ಆಳದಲ್ಲಿ, ಭಾರಿ ಬಿಸಿ, ಭಾರಿ ಒತ್ತಡದಲ್ಲಿ ರೂಪುಗೊಂಡವು. ಮೇಲಿನ ಪದರಗಳು ಸವೆದು ಹೋದಂತೆ ಇವು ಮೇಲಕ್ಕೆ ಬಂದವು. ಆಳದಲ್ಲಿ ಹುಟ್ಟಿದ ಖನಿಜಗಳಿಗೆ ಇಲ್ಲಿನ ಮಳೆ, ಗಾಳಿ ಒಗ್ಗುವುದಿಲ್ಲ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಅದು ಬಿರುಕುಗಳಲ್ಲಿ ಇಳಿದಾಗ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನಕ್ಕೆ ಜೇಡಿಯಾಗುತ್ತದೆ. ಕಬ್ಬಿಣ ಇರುವ ಖನಿಜಗಳು ತುಕ್ಕು ಹಿಡಿದು ಕೆಂಪು, ಹಳದಿ ಬಣ್ಣ ಕೊಡುತ್ತವೆ. ಬೆಣಚುಕಲ್ಲು ಮಾತ್ರ ಜಗ್ಗುವುದಿಲ್ಲ, ಮರಳಿನ ಕಾಳಾಗಿ ಉಳಿಯುತ್ತದೆ. ಯಾವ ಕಣವೂ ಜಾಗ ಬಿಟ್ಟು ಕದಲಿಲ್ಲ. ಅದಕ್ಕೇ ಹಳೆಯ ಪಟ್ಟೆಗಳು ಅಳಿಸಿಲ್ಲ.

ಈಗ ಪದದ ವಿಷಯ. 'ಶಿಥಿಲ ಶಿಲೆ' ಪಠ್ಯಪುಸ್ತಕಕ್ಕೆ ಸರಿ, ಆದರೆ ಮಕ್ಕಳಿಗೆ ಶಿಥಿಲ ಅಂದರೆ ಹಳೇ ಕಟ್ಟಡ. 'ಸವೆದ ಕಲ್ಲು' ಅಂದರೆ ತಪ್ಪು ಅರ್ಥ ಬರುತ್ತದೆ. ಸವೆತ ಹೊರಗಿನಿಂದ ಆಗುವುದು, ಹೊಳೆಯ ಗುಂಡುಕಲ್ಲಿನ ಹಾಗೆ. ಇಲ್ಲಿ ಒಳಗೇ ಬದಲಾವಣೆ. 'ಗರಸು' ಹತ್ತಿರ ಬರುತ್ತದೆ, ಆದರೆ ಎಲ್ಲಿಂದಲೋ ತಂದು ಸುರಿದ ಜಲ್ಲಿಮಣ್ಣಿಗೂ ಅದನ್ನೇ ಹೇಳುತ್ತಾರಲ್ವಾ? ಜಂಬಿಟ್ಟಿಗೆ ಬೇರೆಯೇ. ಅದು ಕಬ್ಬಿಣ ಸೇರಿಕೊಂಡು ಗಟ್ಟಿಯಾದದ್ದು, ಗಾಳಿಗಿಟ್ಟರೆ ಇನ್ನೂ ಗಟ್ಟಿಯಾಗುತ್ತದೆ.

ನನ್ನ ಮನಸ್ಸು 'ಲಡ್ಡುಗಲ್ಲು' ಕಡೆಗೆ ವಾಲಿದೆ. ಲಡ್ಡು ಹಿಡಿದ, ಅಂದರೆ ಒಳಗೇ ಕೊಳೆತ ಮರ ನೋಡಲು ಮರದ ಹಾಗೇ ಇರುತ್ತದೆ, ನಾರಿನ ಗೆರೆಯೂ ಇರುತ್ತದೆ, ಒತ್ತಿದರೆ ಉದುರುತ್ತದೆ. ಈ ಕಲ್ಲೂ ಹಾಗೆಯೇ. ಪದ ಕೇಳಿದ ಕೂಡಲೇ ಮಕ್ಕಳಿಗೆ ಅರ್ಥವಾಗುತ್ತದೆ ಅನ್ನಿಸುತ್ತದೆ.

ಇದು ಹೆಸರಿಟ್ಟು ಕಲಿಸಲೇಬೇಕಾದ ವಿಷಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದು ಇಲ್ಲಿನ ಮಕ್ಕಳು ಮನೆಯಲ್ಲಿ ಕೇಳಿಯೇ ಬೆಳೆದಿದ್ದಾರೆ. ಜಾಸ್ತಿ ಮಳೆ ಬಂದಾಗ ನೀರು ಈ ಮೆತ್ತನೆ ಭಾಗಕ್ಕೆ ಇಳಿಯುತ್ತದೆ. ಕೆಳಗಿನ ಗಟ್ಟಿ ಬಂಡೆ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೀರಿನ ಒತ್ತಡ ಏರಿ ಕಣಗಳ ಹಿಡಿತ ಸಡಿಲವಾಗುತ್ತದೆ. ಬುಡದಲ್ಲಿ ಬರೆ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೂ ಇರುವುದಿಲ್ಲ. 'ಬಂಡೆ ಇದೆ, ಏನಾಗಲ್ಲ' ಅಂತ ಬರೆ ನೋಡಿ ಹೇಳುವವರು ಇದ್ದಾರೆ. ಅದು ಬಂಡೆಯಲ್ಲ ಅನ್ನಲು ಒಂದು ಪದ ಬೇಡವೇ?

ಬಾವಿ ತೋಡುವವರ ಜೊತೆ ಮಾತಾಡಿದವರು ದಯವಿಟ್ಟು ಬರೆಯಿರಿ. ಕೆಂಪು ಮಣ್ಣು ಮುಗಿದು ಬಂಡೆ ಸಿಗುವ ಮೊದಲು ಬರುವ ಭಾಗಕ್ಕೆ ಅವರು ಏನನ್ನುತ್ತಾರೆ? ಮಲೆನಾಡು, ಕರಾವಳಿ, ಹಾಸನದ ಕಡೆಯ ಪದವಾದರೂ ಸರಿ. ಇನ್ನೊಂದು ಪ್ರಶ್ನೆ. ಬೆಣಚುಕಲ್ಲಿಗೂ ಕಾಗೆಬಂಗಾರಕ್ಕೂ ನಮ್ಮಲ್ಲಿ ಮನೆಮಾತಿನ ಹೆಸರಿದೆ. ಭೂಮಿಯ ಹೊರಚಿಪ್ಪಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಫೆಲ್ಡ್‌ಸ್ಪಾರ್‌ಗೆ ಕಲ್ಲುಕುಟಿಗರ ಬಾಯಲ್ಲಿ ಯಾವುದಾದರೂ ಹೆಸರು ಕೇಳಿದ್ದೀರಾ?