ಎಂಟು ಡಾಲರ್, ಎರಡು ಎಕರೆ ತೋಟ: ಅಮೆರಿಕದ ಕಪ್ಪು ಜನರ ಬಡತನಕ್ಕೆ ಯಾರು ಕಾರಣ?

ಸುಮಾ_ಶಿಕಾಗೋ:
ಹೋದ ಶನಿವಾರ ನಮ್ಮ ಕನ್ನಡದವರ ಮನೆಯೊಂದರಲ್ಲಿ ಊಟಕ್ಕೆ ಕೂತಿದ್ದೆವು. "ಈ ಕಪ್ಪು ಜನ ದುಡಿಯಲ್ಲ, ಅದಕ್ಕೇ ಹೀಗಿದ್ದಾರೆ" ಅಂತ ಒಬ್ಬರು ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಅದು ಇನ್ನೂ ಚುಚ್ಚುತ್ತಿದೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಶಿಕಾಗೋದಲ್ಲಿ ಕಪ್ಪು ಜನರೇ ಹೆಚ್ಚಿರುವ ನಾರ್ತ್ ಲಾನ್‌ಡೇಲ್ ಬಡಾವಣೆಯಲ್ಲಿ ಆರು ವರ್ಷ ಕ್ಲಿನಿಕ್ ಕೆಲಸ ಮಾಡಿದ್ದೇನೆ. 1930ರ ದಶಕದಲ್ಲಿ ಸರ್ಕಾರವೇ ಇನ್ನೂರಕ್ಕೂ ಹೆಚ್ಚು ಊರುಗಳ ನಕ್ಷೆ ಮಾಡಿಸಿ, ಕಪ್ಪು ಜನ ಇರುವ ಬೀದಿಗಳಿಗೆ ಕೆಂಪು ಬಳಿಸಿತು. ಕೆಂಪು ಅಂದರೆ ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅನ್ನುವ ಸರ್ಕಾರಿ ಸಂಸ್ಥೆ ಕೂಡ ಅಂಥ ಬೀದಿಯ ಮನೆ ಸಾಲಕ್ಕೆ ಗ್ಯಾರಂಟಿ ಕೊಡಲಿಲ್ಲ. ಬ್ಯಾಂಕ್ ಇಲ್ಲ ಅಂದ ಮೇಲೆ ಜನ ದಲ್ಲಾಳಿಗಳ ಹತ್ತಿರ 'ಕಾಂಟ್ರಾಕ್ಟ್' ಮೇಲೆ ಮನೆ ತೆಗೆದುಕೊಂಡರು. ದಲ್ಲಾಳಿ ಹೇಳಿದ್ದೇ ಬೆಲೆ. ಕೊನೆಯ ಕಂತು ಕಟ್ಟುವ ತನಕ ಪತ್ರ ಅವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೂ ಮನೆ ಬಿಡಿಸುತ್ತಿದ್ದರು, ಕಟ್ಟಿದ ದುಡ್ಡೂ ವಾಪಸ್ ಇಲ್ಲ.

ನಮ್ಮ ಕ್ಲಿನಿಕ್‌ಗೆ ಬರುತ್ತಿದ್ದ ಒಬ್ಬ ಅಜ್ಜಿ ಬಿಸ್ಕತ್ತಿನ ಡಬ್ಬದಲ್ಲಿ ಆ ರಸೀದಿಗಳನ್ನು ಇಟ್ಟುಕೊಂಡಿದ್ದರು. ಹನ್ನೊಂದು ವರ್ಷದ ರಸೀದಿ. ಮನೆ ಮಾತ್ರ ಇಲ್ಲ. 2022ರ ಲೆಕ್ಕದಲ್ಲಿ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬದ್ದು 44,900. ಇದು ಬರೀ ಸೋಮಾರಿತನದಿಂದ ಆದದ್ದಾ?

ರಘು_ಎಡಿಸನ್:
"1930ರ ದಶಕ" ಅಂತ ನೀವೇ ಬರೆದಿದ್ದೀರಿ ಮೇಡಂ. ತೊಂಬತ್ತು ವರ್ಷ ಆಯ್ತು. ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ ಫೇರ್ ಹೌಸಿಂಗ್ ಕಾನೂನು 1968ರಲ್ಲೇ ಬಂತು. ಒಬಾಮ ಎರಡು ಸಲ ಗೆದ್ದರು. ಪೊಲೀಸರ ವಿಷಯಕ್ಕೂ ಹೀಗೇ ಕೂಗಾಡುತ್ತಾರೆ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್, ಅವರೂ ಕಪ್ಪು ಜನಾಂಗದವರೇ, 2016ರಲ್ಲಿ ಲೆಕ್ಕ ಹಾಕಿದರು. ಪೊಲೀಸರು ಗುಂಡು ಹಾರಿಸುವುದರಲ್ಲಿ ಬಣ್ಣದ ಭೇದ ಕಾಣಲಿಲ್ಲ.

ವಿನಯ್_ಅಟ್ಲಾಂಟಾ:
ರಘು ಅವರೇ, ಫ್ರೈಯರ್ ಅವರ ಅದೇ ಬರಹದ ಇನ್ನರ್ಧ ಯಾಕೆ ಬಿಟ್ಟಿರಿ? ನ್ಯೂಯಾರ್ಕ್‌ನಲ್ಲಿ ಪೊಲೀಸರು ನಿಲ್ಲಿಸಿದಾಗ ಕೈ ಮಾಡುವುದು, ಗೋಡೆಗೆ ದಬ್ಬುವುದು, ಇಂಥದ್ದು ಕಪ್ಪು ಜನರಿಗೆ ಶೇ. 50ಕ್ಕೂ ಜಾಸ್ತಿ ಆಗುತ್ತದೆ ಅಂತ ಅದರಲ್ಲೇ ಇದೆ. ಬೇಕಾದ ಸಾಲು ಓದಿ ಪುಸ್ತಕ ಮುಚ್ಚಿದರೆ ಹೇಗೆ?

ರಘು_ಎಡಿಸನ್:
ಗುಂಡಿನ ಬಗ್ಗೆ ಹೇಳಿದೆ. ಅದಕ್ಕೆ ಉತ್ತರ ಕೊಡಿ.

ಮಲೆನಾಡ_ಹಿರಿಯ:
ನಾನು 1971ರಲ್ಲಿ ಡೆಟ್ರಾಯಿಟ್‌ಗೆ ಬಂದಾಗ ಜೇಬಿನಲ್ಲಿ ಎಂಟು ಡಾಲರ್ ಇತ್ತು. ರಿಸರ್ವ್ ಬ್ಯಾಂಕ್ ಅಷ್ಟೇ ಕೊಡುತ್ತಿದ್ದದ್ದು. ಹಗಲು ಕಾಲೇಜು, ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆಯೋದು. ಚಳಿಗೆ ಬೆರಳು ಒಡೆದು ಸೋಪಿನ ನೀರು ಉರಿಯುತ್ತಿತ್ತು. ನನ್ನ ಬಣ್ಣವೂ ಕಪ್ಪೇ. ನನಗೂ ಯಾರೂ ಸಾಲ ಕೊಡಲಿಲ್ಲ. ಎಂಟು ಡಾಲರ್‌ನಿಂದ ನಾವು ಮೇಲೆ ಬರಬಹುದು ಅಂದರೆ ಇಲ್ಲೇ ಹುಟ್ಟಿದವರಿಗೆ ಏನು ಅಡ್ಡಿ?

ತುಂಗಾತೀರ:
ಎಂಟು ಡಾಲರ್ ಕಥೆ ಕೇಳಿ ಕೇಳಿ ಸಾಕಾಗಿದೆ ಸರ್. ಜೇಬಿನಲ್ಲಿ ಎಂಟು ಡಾಲರ್ ಇತ್ತು ಸರಿ. ತಲೆಯಲ್ಲಿ ಎಂಜಿನಿಯರಿಂಗ್ ಡಿಗ್ರಿ ಇತ್ತಲ್ವಾ? ಅದೂ ಸರ್ಕಾರಿ ಫೀಸಿನಲ್ಲಿ ಆದ ಡಿಗ್ರಿ. ಇನ್ನು ಬಾಗಿಲು ತೆರೆದವರು ಯಾರು? 1923ರಲ್ಲಿ, ಪೌರತ್ವ ಕೇಳಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದ್ ಕೇಸಿನಲ್ಲಿ, ಭಾರತದವರು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 1946ರಲ್ಲಿ ವರ್ಷಕ್ಕೆ ನೂರು ಜನಕ್ಕೆ ವಲಸೆ ಬರಲು ಅವಕಾಶ ಕೊಟ್ಟರು. ಇಡೀ ಇಂಡಿಯಾಕ್ಕೆ ನೂರು! 1965ರ ವಲಸೆ ಕಾನೂನು ಬಂದ ಮೇಲೆ ತಾನೇ ನೀವು ಬಂದದ್ದು. ಆ ಗಾಳಿ ಎಬ್ಬಿಸಿದ್ದು ಬೀದಿಯಲ್ಲಿ ಲಾಠಿ ಏಟು ತಿಂದ ಕಪ್ಪು ಜನ.

ಮತ್ತೆ, ವಿಮಾನದ ಟಿಕೆಟ್ ದುಡ್ಡು ಎಲ್ಲಿಂದ ಬಂತು?

ಮಲೆನಾಡ_ಹಿರಿಯ:
ಟಿಕೆಟ್ ಕೇಳುತ್ತೀರಾ? ಹೇಳುತ್ತೇನೆ. ನಮ್ಮಪ್ಪ ತೀರ್ಥಹಳ್ಳಿ ಹತ್ತಿರದ ಎರಡು ಎಕರೆ ಅಡಿಕೆ ತೋಟ ಅಡ ಇಟ್ಟರು. ನಮ್ಮಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಯಾರ ಉಪಕಾರವೂ ಇಲ್ಲ ಅದರಲ್ಲಿ.

ಸುಮಾ_ಶಿಕಾಗೋ:
ಸರ್, "ಅಡ ಇಟ್ಟರು" ಅಂದಿರಿ. ನಾನು ಮೊದಲಿನಿಂದ ಹೇಳುತ್ತಿರುವುದು ಅದನ್ನೇ. ನಿಮ್ಮ ತಂದೆಗೆ ಅಡ ಇಡಲು ತೋಟ ಇತ್ತು. ಲಾನ್‌ಡೇಲ್ ಅಜ್ಜಿಯ ಹತ್ತಿರ ರಸೀದಿ ಮಾತ್ರ ಇತ್ತು. ರಸೀದಿ ಅಡ ಇಟ್ಟುಕೊಂಡು ಮಗನ ಓದಿಗೆ ಯಾರು ದುಡ್ಡು ಕೊಡುತ್ತಾರೆ?

ಮಲೆನಾಡ_ಹಿರಿಯ:
ನಮ್ಮಪ್ಪನ ತೋಟದ ವಿಷಯಕ್ಕೆ ಬರಬೇಡಿ. ಕೊಳೆ ರೋಗ ಬಂದ ವರ್ಷ ಅರ್ಧ ಫಸಲು ನೆಲದ ಮೇಲೆ ಬಿದ್ದಿತ್ತು. ಔಷಧಿ ಹೊಡೆಸಲು ದುಡ್ಡಿರಲಿಲ್ಲ. ನಮ್ಮನ್ನು ಶ್ರೀಮಂತರು ಅಂತ ಮಾಡಿಬಿಟ್ಟಿರಲ್ಲ!

ರಘು_ಎಡಿಸನ್:
ಎರಡು ಎಕರೆ ಇದ್ದವರು ಈಗ ಜಮೀನ್ದಾರರಾ? ಮಲೆನಾಡಿನಲ್ಲಿ ಎರಡು ಎಕರೆ ತೋಟದಲ್ಲಿ ಆರು ಮಕ್ಕಳ ಹೊಟ್ಟೆ ತುಂಬಿಸಿದವರ ಕಷ್ಟ ಗೊತ್ತಾ ನಿಮಗೆ? ಹಿರಿಯರಿಗೆ ಕ್ಷಮೆ ಕೇಳಿ.

ತುಂಗಾತೀರ:
ಜಮೀನ್ದಾರ ಅನ್ನುವ ಮಾತು ನಾವು ಯಾರೂ ಆಡಿಲ್ಲ. ನೀವೇ ತಂದದ್ದು. ಆದರೂ ಕೇಳುತ್ತೇನೆ, 1971ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ ಸ್ವಂತ ಹೆಸರಿನಲ್ಲಿ ಇದ್ದವರು ಎಷ್ಟು ಮನೆ? ನಮ್ಮ ಕೇರಿಯಲ್ಲಿ ಒಂದೂ ಇರಲಿಲ್ಲ.

ಗೌರಿ_ಹೊಸನಗರ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ತೋಟದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಜ್ಜ ಮೂವತ್ತು ವರ್ಷ ಗೇಣಿ ಗದ್ದೆ ಮಾಡಿದವರು. ಸುಗ್ಗಿ ಮುಗಿದ ಮೇಲೆ ಭತ್ತ ಹೊತ್ತುಕೊಂಡು ಹೋಗಿ ಒಡೆಯರ ಅಂಗಳಕ್ಕೆ ಹಾಕಬೇಕು. ಅಳೆಯುವ ಕೊಳಗವೂ ಅವರದ್ದೇ. ತುಂಬಿ ಮೇಲೆ ಗೋಪುರ ಬಂದರೂ ಒಂದೇ ಕೊಳಗ ಅಂತ ಲೆಕ್ಕ. ಸೊಸೈಟಿಗೆ ಸಾಲ ಕೇಳಲು ಹೋದರೆ "ಪಹಣಿ ತಗೊಂಡು ಬಾ" ಅನ್ನುತ್ತಿದ್ದರಂತೆ. ಪಹಣಿಯಲ್ಲಿ ಒಡೆಯರ ಹೆಸರು. ನಮ್ಮಜ್ಜನಷ್ಟು ದುಡಿದವರನ್ನು ನಾನು ನೋಡಿಲ್ಲ. ಆದರೂ ಅಡ ಇಡಲು ಅವರಿಗೆ ಒಂದು ಗೇಣು ಜಾಗ ಇರಲಿಲ್ಲ. 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ಕಾನೂನು ಬಂತು. ಗೇಣಿದಾರರ ಅರ್ಜಿ ಫಾರಂ 7 ಹಾಕಿದರು. ನ್ಯಾಯಮಂಡಳಿಯಲ್ಲಿ ಗದ್ದೆ ಹೆಸರಿಗೆ ಆಯಿತು. ನಮ್ಮಪ್ಪ ಕಾಲೇಜು ಮೆಟ್ಟಿಲು ಹತ್ತಿದ್ದು ಅದಾದ ಮೇಲೆ. ನಾನು ಇಲ್ಲಿ ಕೂತು ಬರೆಯುತ್ತಿರುವುದೂ ಅದರಿಂದ.

ಮಲೆನಾಡ_ಹಿರಿಯ:
"ಒಡೆಯರು" ಅಂತ ಯಾರನ್ನು ಹೇಳುತ್ತಿದ್ದೀರಿ ತಾಯಿ? ನಮ್ಮಪ್ಪ ಯಾರ ಹತ್ತಿರವೂ ಗೇಣಿ ತೆಗೆದುಕೊಂಡವರಲ್ಲ. ಸ್ವಂತ ಮರ ಹತ್ತಿ ಕೊನೆ ಕೊಯ್ದವರು. ಅದೇ ಕಾನೂನಿನಲ್ಲಿ ಕೈಲಾಗದ ವಿಧವೆಯರ ಗದ್ದೆಯೂ ಹೋಯಿತು. ನಮ್ಮ ಅತ್ತೆಯದ್ದು ಹೋಯಿತು. ಅವರು ಯಾರ ಭತ್ತವನ್ನೂ ಮೋಸದಿಂದ ಅಳೆದವರಲ್ಲ. ಅವರ ಕಣ್ಣೀರು ಯಾರಿಗೂ ಕಾಣಲಿಲ್ಲ.

ಗೌರಿ_ಹೊಸನಗರ:
ನಿಮ್ಮ ತಂದೆಯವರ ಬಗ್ಗೆ ನಾನು ಒಂದಕ್ಷರ ಬರೆದಿಲ್ಲ. ನಮ್ಮಜ್ಜನ ಬಗ್ಗೆ ಬರೆದೆ. ಕೊಳಗ ನಮ್ಮಜ್ಜ ಕಂಡದ್ದು. ಅದನ್ನು ಸುಳ್ಳು ಅನ್ನಬೇಡಿ.

ರಘು_ಎಡಿಸನ್:
ಗೌರಿ ಅವರು ನನ್ನ ಮಾತನ್ನೇ ಹೇಳಿದರು. ಕಾನೂನು ಬಂತು, ಒಂದೇ ತಲೆಮಾರಿನಲ್ಲಿ ಮೇಲೆ ಬಂದರು. ಅಮೆರಿಕದಲ್ಲಿ ಕಾನೂನು ಅದಕ್ಕಿಂತ ಆರು ವರ್ಷ ಮೊದಲೇ ಬಂತು. ಮತ್ತೆ ಯಾಕೆ ಮೇಲೆ ಬರಲಿಲ್ಲ?

ತುಂಗಾತೀರ:
ಎರಡೂ ಒಂದೇ ಕಾನೂನಾ ರಘು? 1974ರದ್ದು ಉಳುವವನಿಗೆ ಹೊಲ ಕೊಟ್ಟಿತು. 1968ರದ್ದು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಏಳು ದಿನಕ್ಕೆ ಸಹಿ ಬಿದ್ದದ್ದು, ಮನೆ ಕೊಡಿಸಲಿಲ್ಲ. ಬಣ್ಣ ನೋಡಿ ಮನೆ ಇಲ್ಲ ಅನ್ನಬಾರದು ಅಂತ ಹೇಳಿತು, ಅಷ್ಟೇ. ಅಷ್ಟು ಹೊತ್ತಿಗೆ ಬಿಳಿಯರು ಸರ್ಕಾರದ ಗ್ಯಾರಂಟಿಯಲ್ಲಿ ಮನೆ ಮಾಡಿಕೊಂಡು ಮೂವತ್ತು ವರ್ಷ ದಾಟಿತ್ತು. ಬೆಲೆ ಏರಿ ಆಗಿತ್ತು.

ಭೂಮಿ ಕೊಡುವ ಮಾತು ಅಲ್ಲೂ ಆಗಿತ್ತು. ಅಂತರ್ಯುದ್ಧದ ಕೊನೆಗೆ, 1865ರ ಜನವರಿಯಲ್ಲಿ, ಉತ್ತರದ ಸೈನ್ಯದ ಜನರಲ್ ಶೆರ್ಮನ್ ಆದೇಶ ಹೊರಡಿಸಿದ. ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಫ್ಲೋರಿಡಾ ಕರಾವಳಿಯಲ್ಲಿ ಬಿಡುಗಡೆಯಾದ ಗುಲಾಮರ ಕುಟುಂಬಕ್ಕೆ 40 ಎಕರೆ ತನಕ. ಸುಮಾರು 40,000 ಜನ ಹೋಗಿ ನೆಲೆ ನಿಂತರು, ಉತ್ತರು, ಬಿತ್ತಿದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೇ ಯಜಮಾನರಿಗೇ ಭೂಮಿ ವಾಪಸ್ ಕೊಡಿಸಿದ. ಗೌರಿ ಅವರ ಅಜ್ಜನಿಗೆ ಸಿಕ್ಕ ಗದ್ದೆಯನ್ನು ಹತ್ತು ತಿಂಗಳಿಗೆ ಕಿತ್ತುಕೊಂಡಿದ್ದರೆ ಅವರ ಅಪ್ಪ ಕಾಲೇಜಿಗೆ ಹೋಗುತ್ತಿದ್ದರಾ?

ರಘು_ಎಡಿಸನ್:
1930 ಸಾಲದು ಅಂತ ಈಗ 1865ಕ್ಕೆ ಹೋದಿರಿ. ಇವತ್ತಿನದ್ದು ಮಾತಾಡಿ. ಹತ್ತರಲ್ಲಿ ಏಳು ಕಪ್ಪು ಮಕ್ಕಳು ಮದುವೆಯಾಗದ ತಾಯಂದಿರಿಗೆ ಹುಟ್ಟುತ್ತಿವೆ. 1960ರ ದಶಕದ ಮೊದಲಲ್ಲಿ ನಾಲ್ಕರಲ್ಲಿ ಒಂದು ಇತ್ತು. ನೈಜೀರಿಯಾದಿಂದ ಬಂದವರನ್ನು ನೋಡಿ. ಅವರೂ ಕಪ್ಪೇ. ಡಿಗ್ರಿ ಇರುವವರು ಅಮೆರಿಕದ ಸರಾಸರಿಗಿಂತ ಜಾಸ್ತಿ.

ವಿನಯ್_ಅಟ್ಲಾಂಟಾ:
ನೈಜೀರಿಯಾದಿಂದ ಬಂದವರಲ್ಲೂ ನಮ್ಮ ಹಾಗೇ ಓದಿದವರೇ ಹೆಚ್ಚು. "ಇವತ್ತಿನದ್ದು" ಅಂದಿರಲ್ಲ, ತಗೊಳ್ಳಿ. 2004ರಲ್ಲಿ ಒಂದು ಪರೀಕ್ಷೆಯ ಫಲ ಬಂತು. ಬಾಸ್ಟನ್, ಶಿಕಾಗೋ ಪೇಪರಿನ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಅರ್ಜಿ ಕಳಿಸಿದ್ದರು. ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಎಮಿಲಿ, ಗ್ರೆಗ್ ಥರದ ಹೆಸರಿಗೆ ಲಕೀಶಾ, ಜಮಾಲ್ ಥರದ ಹೆಸರಿಗಿಂತ ಶೇ. 50 ಜಾಸ್ತಿ ಕರೆ ಬಂತು. ಅಪ್ಪಂದಿರು ಎಲ್ಲಿ ಹೋದರು ಅಂತಲೂ ನೋಡಿ. 1986ರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್‌ಗೆ (ಸೇದುವ ಕೊಕೇನ್ ಹರಳು) ಐದು ವರ್ಷ ಜೈಲು, ಪುಡಿ ಕೊಕೇನ್ ಆದರೆ 500 ಗ್ರಾಂ ಸಿಕ್ಕಬೇಕಿತ್ತು. 2010ರ ತನಕ ಹೀಗೇ ನಡೆಯಿತು. ಕ್ರ್ಯಾಕ್ ಕೇಸಿನಲ್ಲಿ ಒಳಗೆ ಹೋದವರಲ್ಲಿ ಕಪ್ಪು ಜನವೇ ಜಾಸ್ತಿ.

ರಘು_ಎಡಿಸನ್:
ಹೆಸರಿನ ಪರೀಕ್ಷೆಗೂ ಇಪ್ಪತ್ತು ವರ್ಷ ದಾಟಿತು. ಕ್ರ್ಯಾಕ್ ಮಾರಿ ಅಂತ ಯಾರೂ ಬಲವಂತ ಮಾಡಿರಲಿಲ್ಲ.

ಮಲೆನಾಡ_ಹಿರಿಯ:
ಹೆಸರು, ಬಣ್ಣ ನನಗೆ ಕಲಿಸಬೇಡಿ. 1972ರಲ್ಲಿ ಡೆಟ್ರಾಯಿಟ್‌ನಲ್ಲಿ ಬಾಡಿಗೆ ಕೋಣೆಗೆ ಅಲೆದಿದ್ದೇನೆ. ಫೋನಿನಲ್ಲಿ ಖಾಲಿ ಇದೆ ಅಂದ ಹೆಂಗಸು, ಬಾಗಿಲಲ್ಲಿ ನನ್ನ ಮುಖ ನೋಡಿ ಇಲ್ಲ ಅಂದಳು. ನಾನು ಬೈಯಲಿಲ್ಲ, ಮೆರವಣಿಗೆ ಮಾಡಲಿಲ್ಲ. "ನಾನು ಇಂಡಿಯಾದವನು, ಎಂಜಿನಿಯರಿಂಗ್ ಓದುತ್ತಿದ್ದೇನೆ" ಅಂತ ನಿಧಾನಕ್ಕೆ ಹೇಳಿದೆ. ಒಳಗೆ ಕರೆದು ಕಾಫಿ ಕೊಟ್ಟಳು. ಕೋಣೆಯೂ ಕೊಟ್ಟಳು. ತಾಳ್ಮೆ ಬೇಕು.

ಸುಮಾ_ಶಿಕಾಗೋ:
ಆ ಬಾಗಿಲಲ್ಲಿ ನಿಮ್ಮ ಜಾಗದಲ್ಲಿ ಡೆಟ್ರಾಯಿಟ್‌ನಲ್ಲೇ ಹುಟ್ಟಿದ ಕಪ್ಪು ಹುಡುಗ ನಿಂತಿದ್ದರೆ, ಅವನು ಏನು ಹೇಳಬೇಕಿತ್ತು ಸರ್?

ರಘು_ಎಡಿಸನ್:
ಮತ್ತೆ ಹಿರಿಯರನ್ನೇ ಕೆಣಕುತ್ತಿದ್ದೀರಿ.

ತುಂಗಾತೀರ:
ಅವರಿಗೆ ಉತ್ತರ ಗೊತ್ತಿದೆ. ನೀವು ನಡುವೆ ಬರಬೇಡಿ.

ಮಲೆನಾಡ_ಹಿರಿಯ:
ತೋಟ ಬಿಡಿಸಿಕೊಂಡದ್ದು 1979ರಲ್ಲಿ. ನನ್ನ ಸಂಬಳದಲ್ಲಿ, ಬಡ್ಡಿ ಸಮೇತ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಎಂಟು ಡಾಲರ್ ಅಂತ ಹಿಡಿದುಕೊಂಡಿರಿ, ಎರಡು ಎಕರೆ ಅಂತ ಹಿಡಿದುಕೊಂಡಿರಿ, ಇದನ್ನು ಯಾರೂ ಕೇಳಲಿಲ್ಲ. ಇನ್ನು ನಾನು ಇಲ್ಲಿ ಬರೆಯುವುದಿಲ್ಲ.