ತಂದೆ ಮಗಳು ಒಟ್ಟಿಗೆ ಕೂರಲು ಯಾವ ಹೈಡ್ ಸೂಕ್ತ?

ಕೋಥ್ರೂಡ್ ಕನ್ನಡಿಗ (ಪುಣೆ) ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವನು, ಹನ್ನೊಂದು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಚಳಿಗಾಲದ ಭಾನುವಾರಗಳಲ್ಲಿ ಸೋಲಾಪುರ ರಸ್ತೆಯ ಕವಡಿಗೆ, ವರ್ಷದಲ್ಲಿ ಎರಡು ಮೂರು ಸಲ ಭಿಗವಣದ ಹಿನ್ನೀರಿಗೆ ಹಕ್ಕಿಗಳನ್ನು ನೋಡಲು, ಚಿತ್ರ ತೆಗೆಯಲು ಹೋಗುತ್ತೇನೆ. ಒಬ್ಬನೇ ಇದ್ದಾಗ ಹೈಡ್ ಆಗಿ, ಅಂದರೆ ಹಕ್ಕಿಗಳಿಗೆ ಕಾಣದಂತೆ ಕೂರುವ ಮರೆಯಾಗಿ, ಮೈಮೇಲೆ ಹೊದ್ದುಕೊಳ್ಳುವ ಹಸಿರು ಬಲೆಯೇ ಸಾಕಾಗುತ್ತಿತ್ತು. ಈ ವರ್ಷದಿಂದ ಒಂಬತ್ತು ವರ್ಷದ ಮಗಳು ಜೊತೆಗೆ ಬರುತ್ತಿದ್ದಾಳೆ.

ಕಳೆದ ತಿಂಗಳು ಕವಡಿಯಲ್ಲಿ ಇಬ್ಬರೂ ಒಂದೇ ಬಲೆಯಡಿ ಕುಳಿತಿದ್ದೆವು. ಬ್ರಾಹ್ಮಿಣಿ ಬಾತುಗಳ ಜೋಡಿಯೊಂದು ಕಲ್ಲಿನಿಂದ ಕಲ್ಲಿಗೆ ನಡೆಯುತ್ತ ಹತ್ತಿರ ಬರುತ್ತಿದ್ದಾಗ ಮಗಳು ಚೆನ್ನಾಗಿ ನೋಡಲೆಂದು ಬಲೆಯ ಅಂಚನ್ನು ಎತ್ತಿದಳು, ಎರಡೂ ಹಾರಿಹೋದವು. ಮನೆ ಸೇರುವವರೆಗೂ "ನನ್ನಿಂದಲೇ ಹಾರಿಹೋದವಲ್ಲವಾ ಅಪ್ಪ?" ಎಂದು ಕೇಳುತ್ತಲೇ ಇದ್ದಳು. ತಪ್ಪು ಅವಳದಲ್ಲ, ಇಬ್ಬರಿಗೆ ಸಾಲದ ಮರೆಯಲ್ಲಿ ಅವಳನ್ನು ಕೂರಿಸಿದ ನನ್ನದು ಎಂದು ಅವಳಿಗೆ ಹೇಳಿದೆ, ಆದರೆ ಅವಳು ಒಪ್ಪಿದಂತೆ ಕಾಣಲಿಲ್ಲ.

ನನ್ನೆದುರು ಮೂರು ದಾರಿಗಳಿವೆ. ಅಮೆರಿಕದಲ್ಲಿರುವ ತಮ್ಮ ಡಿಸೆಂಬರಿನಲ್ಲಿ ಬರುತ್ತಿದ್ದಾನೆ. ಅಲ್ಲಿ ಜಿಂಕೆ ಬೇಟೆಗಾರರಿಗೆಂದು ಮಾರುವ, ಛತ್ರಿಯಂತೆ ಬಿಚ್ಚಿಕೊಳ್ಳುವ, ಇಬ್ಬರು ಕೂರಬಹುದಾದ ಗುಡಾರವೊಂದನ್ನು ತರುತ್ತೇನೆ ಎನ್ನುತ್ತಾನೆ. ಅದರ ತಳ ಐದು ಅಡಿ ಚೌಕ, ಒಳಗೆ ಕಪ್ಪು ಬಟ್ಟೆ, ತೂಕ ಎಂಟು ಕಿಲೋ. ಎರಡನೆಯದು, ಕುರ್ಚಿಗೇ ಹೊದಿಕೆ ಜೋಡಿಸಿರುವ ಜೋಡಿ ಆಸನದ ಹೈಡ್. ಮೂರನೆಯದು, ಬಿದಿರು ಮತ್ತು ಬಲೆಯಿಂದ ನಾನೇ ಕಟ್ಟಿಕೊಳ್ಳುವುದು. ಮಕ್ಕಳೊಂದಿಗೆ ಕುಳಿತು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಟಿಟ್ಟಿಭ (ಔಂಧ್, ಪುಣೆ):

ನನ್ನ ಮಗ ಎಂಟು ವರ್ಷದವನಿದ್ದಾಗಿನಿಂದ ನಾವಿಬ್ಬರೂ ಜೊತೆಯಾಗಿ ಕೂರುತ್ತಿದ್ದೇವೆ, ಈಗ ಅವನಿಗೆ ಹದಿನಾಲ್ಕು. ಹೈಡ್ ಆರಿಸುವಾಗ ಕ್ಯಾಮೆರಾದ ಲೆಕ್ಕವನ್ನು ಪಕ್ಕಕ್ಕಿಟ್ಟು, ಮಗಳು ಎಲ್ಲಿ ಕೂರುತ್ತಾಳೆ, ಕುಳಿತಾಗ ಅವಳ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬಲ್ಲಿಂದ ಯೋಚಿಸಲು ತೊಡಗಿ. ನಾನು ಇದನ್ನು ತಿರುವುಮುರುವಾಗಿ ಮಾಡಿ ಎರಡು ಚಳಿಗಾಲಗಳನ್ನು ಹಾಳುಮಾಡಿಕೊಂಡೆ.

ನಾನು ಮೊದಲು ಕೊಂಡದ್ದು ನೀವು ಹೇಳಿದ ಜೋಡಿ ಆಸನದ ಕುರ್ಚಿ ಹೈಡ್. ಅದನ್ನು ಹೊತ್ತೊಯ್ಯುವುದು ಸುಲಭ, ಹಾಕುವುದೂ ಸುಲಭ. ಆದರೆ ಎರಡೂ ಆಸನಗಳು ಒಂದೇ ಚೌಕಟ್ಟಿನಲ್ಲಿರುವುದರಿಂದ ಮಗು ಅಲುಗಿದರೆ ನಿಮ್ಮ ಆಸನವೂ, ಮೂಗಿನ ಮುಂದಿನ ಬಟ್ಟೆಯೂ ಅಲುಗುತ್ತದೆ. ಎದುರಿಗೆ ಇರುವುದು ಒಂದೇ ಸೀಳು. ಟ್ರೈಪಾಡ್ ಅದನ್ನು ಆಕ್ರಮಿಸಿದ ಮೇಲೆ ನನ್ನ ಮಗ ಒಂದು ಗಂಟೆ ನೋಡಿದ್ದು ನನ್ನ ಮೊಣಕೈಯನ್ನು. ಮಕ್ಕಳು ಚಂಚಲರೆಂದು ನಾವು ಗೊಣಗುತ್ತೇವೆ. ನೋಡಲು ಏನೂ ಸಿಗದಿದ್ದರೆ ದೊಡ್ಡವರೂ ಸುಮ್ಮನೆ ಕೂರುವುದಿಲ್ಲ. ಆದ್ದರಿಂದ ಕುರ್ಚಿ ಹೈಡ್ ಬೇಡವೆಂದೇ ನನ್ನ ಸ್ಪಷ್ಟ ಸಲಹೆ.

ತಮ್ಮ ತರುವ ಗುಡಾರ ಒಳ್ಳೆಯ ಆಯ್ಕೆ. ಆದರೆ ಅದು ಜಿಂಕೆಗಾಗಿ ಮಾಡಿದ್ದು ಎಂಬುದನ್ನು ನೆನಪಿಡಬೇಕು. ಜಿಂಕೆಗೆ ಮೂಗೇ ದೊಡ್ಡ ಕಾವಲುಗಾರ, ಕೆಂಪು ಕಿತ್ತಳೆ ಬಣ್ಣಗಳು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕಾಗಿಯೇ ಅಲ್ಲಿನ ಬೇಟೆಗಾರರು ಒಬ್ಬರಿಗೊಬ್ಬರು ಕಾಣುವಂತೆ ಕಿತ್ತಳೆ ಬಣ್ಣದ ಅಂಗಿ ತೊಟ್ಟರೂ ಜಿಂಕೆಗೆ ಅದು ಎದ್ದು ಕಾಣುವುದಿಲ್ಲ. ಹಕ್ಕಿಗಳದು ಇದಕ್ಕೆ ವಿರುದ್ಧ. ವಾಸನೆಯ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ, ಆದರೆ ಬಣ್ಣಗಳನ್ನು ಅವು ನಮಗಿಂತ ಚೆನ್ನಾಗಿ ಗುರುತಿಸುತ್ತವೆ. ಎಷ್ಟೋ ಹಕ್ಕಿಗಳಿಗೆ ನಮ್ಮ ಕಣ್ಣಿಗೆ ಬೀಳದ ನೇರಳಾತೀತ ಬೆಳಕೂ ಕಾಣುತ್ತದೆ. ಹೀಗಾಗಿ ವಾಸನೆ ತಡೆಯುವ ಪದರವಿದೆ ಎಂದು ಹೆಚ್ಚು ಬೆಲೆ ಹೇಳುವ ಮಾದರಿಗೆ ಹಣ ಕೊಡಬೇಡಿ, ಹೊರಬಟ್ಟೆ ಬಿಸಿಲಿಗೆ ಮಿರುಗದೆ ಮಂಕಾಗಿರುವುದನ್ನೇ ತರಲು ಹೇಳಿ.

ಒಳಗಿನ ಕಪ್ಪು ಬಟ್ಟೆಗೆ ನಿಜವಾಗಿಯೂ ಬೆಲೆಯಿದೆ. ಕತ್ತಲೆಯ ಕೋಣೆಯೊಳಗಿರುವವರು ಹೊರಗಿನವರಿಗೆ ಕಾಣದಂತೆ, ಕಪ್ಪಿನ ಮುಂದೆ ಗಾಢ ಬಣ್ಣದ ಉಡುಪು ತೊಟ್ಟು ಕುಳಿತವರ ಸಣ್ಣಪುಟ್ಟ ಚಲನೆ ಹೊರಗೆ ತಿಳಿಯುವುದಿಲ್ಲ. ಮಕ್ಕಳಿಗೆ ಬೇಕಾದದ್ದೇ ಈ ಸ್ವಾತಂತ್ರ್ಯ. ಆದರೆ ಎದುರುಬದುರಿನ ಎರಡು ಕಿಟಕಿಗಳನ್ನು ಒಟ್ಟಿಗೆ ತೆರೆದಿರೋ, ಬೆಳಕು ಹಿಂದಿನಿಂದ ಬಂದು ನಿಮ್ಮಿಬ್ಬರ ಆಕಾರ ಅಚ್ಚೊತ್ತಿದಂತೆ ಕಾಣುತ್ತದೆ. ಮಗಳ ಕಿಟಕಿ ನಿಮ್ಮ ಕಿಟಕಿ ಇರುವ ಗೋಡೆಯಲ್ಲೇ ಇರಲಿ ಅಥವಾ ಅದರ ಪಕ್ಕದ ಗೋಡೆಯಲ್ಲಿರಲಿ; ಬೆನ್ನ ಹಿಂದಿನದು ಮಾತ್ರ ಸದಾ ಮುಚ್ಚಿರಲಿ. ಅವಳಿಗೆ ಅವಳದೇ ಕಿಟಕಿ ಇರಲೇಬೇಕು, ಇದರಲ್ಲಿ ರಾಜಿ ಬೇಡ.

ಇನ್ನು ಎತ್ತರದ ಸಂಗತಿ. ಈ ಗುಡಾರಗಳ ಕಿಟಕಿಗಳು ಕುರ್ಚಿಯಲ್ಲಿ ಕುಳಿತ ದೊಡ್ಡವರ ಎದೆ ಭುಜಗಳ ಅಳತೆಗೆ ಇರುತ್ತವೆ. ಚಿಕ್ಕ ಸ್ಟೂಲಿನ ಮೇಲೆ ಕುಳಿತ ನನ್ನ ಮಗನಿಗೆ ಬರಿಯ ಆಕಾಶ ಕಂಡಿತು. ಎತ್ತರದ ಸ್ಟೂಲು ಕೊಟ್ಟೆ; ಆಗ ಅವನ ಕಾಲು ನೆಲಕ್ಕೆ ಎಟುಕಲಿಲ್ಲ. ಎಟುಕದ ಕಾಲು ತೂಗಾಡದೆ ಇರುತ್ತದೆಯೇ? ಬಿಗಿಯಾಗಿ ಎಳೆದ ಬಟ್ಟೆಗೆ ಶೂಸಿನ ತುದಿ ತಾಗಿದಾಗಲೆಲ್ಲ ತಮಟೆ ಬಡಿದಂತೆ ಸದ್ದು, ಎದುರಿಗಿದ್ದ ಟಿಟ್ಟಿಭ ಕೂಗುತ್ತ ಎದ್ದು ಇಡೀ ದಂಡೆಯನ್ನೇ ಎಬ್ಬಿಸಿತು. ಕೊನೆಗೆ ಕ್ಯಾಮೆರಾದ ಬೆನ್ನುಚೀಲವನ್ನು ಅವನ ಪಾದಗಳ ಕೆಳಗಿಟ್ಟೆ. ಅಂದಿನಿಂದ ಆ ತೊಂದರೆ ಇಲ್ಲ.

ಕೊಳ್ಳುವ ಮೊದಲು ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಐದು ಅಡಿ ಚೌಕ ಬರೆದು, ಎರಡು ಸ್ಟೂಲು, ಟ್ರೈಪಾಡ್, ಚೀಲ ಎಲ್ಲವನ್ನೂ ಅದರೊಳಗಿಟ್ಟು ಇಬ್ಬರೂ ಮುಕ್ಕಾಲು ಗಂಟೆ ಕುಳಿತು ನೋಡಿ. ಇಕ್ಕಟ್ಟಾದರೆ ಮೂವರ ಗುಡಾರವನ್ನೇ ತರಿಸಿ.

ಜಿಪ್ಪು ಮತ್ತು ವೆಲ್ಕ್ರೋ ಎರಡೂ ಸದ್ದು ಮಾಡುವುದರಿಂದ ಕಿಟಕಿಗಳನ್ನು ಬೆಳಕು ಹರಿಯುವ ಮುನ್ನವೇ ತೆರೆದಿಡಬೇಕು. ತಿನ್ನಲು ಚಕ್ಕುಲಿ, ಪೊಟ್ಟಣದ ಬಿಸ್ಕತ್ತು ಬೇಡ. ಶೇಂಗಾ ಉಂಡೆ, ಬಾಳೆಹಣ್ಣು ಬಟ್ಟೆಯ ಚೀಲದಲ್ಲಿರಲಿ. ತಳವಿಲ್ಲದ ಗುಡಾರವಾದರೆ ಹಾಸುವ ಮೊದಲು ಕಲ್ಲುಗಳನ್ನು ಕೋಲಿನಿಂದ ಸರಿಸಿ ನೋಡುವುದು ಕಡ್ಡಾಯ, ನಮ್ಮ ಕಡೆಯ ಕಲ್ಲುನೆಲದಲ್ಲಿ ಚೇಳೂ ಇರುತ್ತದೆ, ಹಾವೂ ಇರುತ್ತದೆ. ಭಿಗವಣದ ಕೆಸರಿನಲ್ಲಿ ಗೂಟ ನಿಲ್ಲುವುದಿಲ್ಲವಾದ್ದರಿಂದ ಮೂಲೆಗಳಿಗೆ ಮಣ್ಣು ತುಂಬಿದ ಚೀಲ ಕಟ್ಟಬೇಕು. ಫೆಬ್ರವರಿ ಕಳೆದ ಮೇಲೆ ಒಂಬತ್ತೂವರೆಯ ನಂತರ ಆ ಕಪ್ಪು ಗುಡಾರದಲ್ಲಿ ಮಗುವನ್ನು ಕೂರಿಸಬೇಡಿ, ಒಳಗೆ ಬೇಯುತ್ತದೆ.

ಹಳೆಯ ಉಪಾಯವೊಂದಿದೆ. ಹಕ್ಕಿಗಳು ನೀವು ಒಳಹೊಕ್ಕದ್ದನ್ನು ನೋಡಿದ್ದರೆ ಬಹಳ ಹೊತ್ತು ಅನುಮಾನದಲ್ಲಿರುತ್ತವೆ. ಮೂವರು ಹೋಗಿ, ಇಬ್ಬರು ಒಳಗೆ ಕುಳಿತು, ಮೂರನೆಯವರು ಎದ್ದುಕಾಣುವಂತೆ ನಡೆದು ದೂರ ಹೋದರೆ, ಎಲ್ಲರೂ ಹೋದರೆಂದೇ ಅನೇಕ ಹಕ್ಕಿಗಳು ಬೇಗ ನಿರಾಳವಾಗುತ್ತವೆ. ನಮ್ಮ ಮನೆಯವರು ಐದು ವರ್ಷ ಈ ಕೆಲಸವನ್ನು ಪ್ರೀತಿಯಿಂದ ಮಾಡಿದ್ದಾರೆ.

ಸಿಪಿಲೆ (ಮಡಗಾಂವ್, ಗೋವಾ):

ಟಿಟ್ಟಿಭ ಅವರು ಬರೆದದ್ದೆಲ್ಲ ಸರಿ. ಆದರೆ ನಿಮ್ಮ ಹತ್ತಿರ ಕಾರಿದ್ದರೆ ತಮ್ಮ ಬರುವವರೆಗೆ ಕಾಯಬೇಕಾಗಿಲ್ಲ. ನಿಂತ ವಾಹನಕ್ಕೆ ಹಕ್ಕಿಗಳು ಹೆದರುವುದು ಬಹಳ ಕಡಿಮೆ, ಅದರಿಂದ ಇಳಿದ ಮನುಷ್ಯನ ಆಕಾರ ಕಂಡರೆ ಮಾತ್ರ ಹಾರುತ್ತವೆ. ನಾನೂ ನನ್ನ ಇಬ್ಬರು ಮಕ್ಕಳೂ ಹಳೆ ಗೋವಾ ಬಳಿಯ ಕರಂಬೋಳಿ ಕೆರೆಯಲ್ಲಿ ಕಾರಿನೊಳಗಿಂದಲೇ ನೋಡುತ್ತೇವೆ. ಹಿಂದಿನ ಆಸನದಲ್ಲಿ ಮಗುವಿಗೆ ತನ್ನದೇ ಕಿಟಕಿ, ಕಾಲು ನೀಡಲು ಜಾಗ, ನೆರಳು, ನೀರು ಎಲ್ಲವೂ ಇದೆ. ಗಾಜನ್ನು ಅರ್ಧ ಇಳಿಸಿ, ಗಾಢ ಬಣ್ಣದ ಬಟ್ಟೆಯನ್ನು ಬಟ್ಟೆ ಕ್ಲಿಪ್ಪುಗಳಿಂದ ಚೌಕಟ್ಟಿಗೆ ಸಿಕ್ಕಿಸಿ, ನೋಡಲು ಒಂದು ಗೇಣು ಸಂದು ಬಿಡಿ. ಲೆನ್ಸಿಗೆ ಆನಿಕೆಯಾಗಿ ಎರಡು ಕಿಲೋ ಅಕ್ಕಿ ತುಂಬಿದ ಬಟ್ಟೆ ಚೀಲ ಸಾಕು. ಎಂಜಿನ್ ಆರಿಸಿರಬೇಕು, ಇಲ್ಲದಿದ್ದರೆ ಚಿತ್ರ ನಡುಗುತ್ತದೆ.

ಗೋವಾಕ್ಕೆ ಬಂದರೆ ಒಂದು ಎಚ್ಚರಿಕೆ. ಚೋರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ ಕಾಡಿನ ಅಂಚಿನಲ್ಲಾಗಲಿ, ಕುಂಭಾರಜುವೆ ಕಾಲುವೆಯ ದಂಡೆಯಲ್ಲಾಗಲಿ ಮಗುವಿನೊಂದಿಗೆ ಗುಡಾರ ಹೂಡುವ ಯೋಚನೆ ಮಾಡಬೇಡಿ. ಭರತದ ನೀರು ಏರುತ್ತದೆ, ಕಾಲುವೆಯಲ್ಲಿ ಮೊಸಳೆಗಳಿವೆ. ಅಲ್ಲಿ ದೋಣಿಯಲ್ಲಿ ಕುಳಿತೇ ನೋಡಬೇಕು.

ನಿವೃತ್ತ ಶಿಕ್ಷಕ (ಡೊಂಬಿವಲಿ):

ಬೇಟೆಗಾರರ ಗುಡಾರದ ಮಾತು ಬಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆ ಬಂದೂಕಿಗೆ ಸೀಮಿತವಾಗಿಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಅದರಲ್ಲಿ ಸೇರಿದೆ. ಗೂಡಿನೆದುರು ಹೈಡ್ ಹೂಡಿ ಕೂರುವವರು ಇದನ್ನು ಅರಿತಿರಬೇಕು. ತಾಯಿಹಕ್ಕಿ ಬಿಸಿಲಿನಲ್ಲಿ ಅರ್ಧ ಗಂಟೆ ಗೂಡಿಗೆ ಮರಳದಿದ್ದರೆ ನೆಲದ ಮೇಲಿನ ಮೊಟ್ಟೆಗಳು ಕೆಟ್ಟುಹೋಗಬಹುದು, ನಮಗೆ ಅದು ತಿಳಿಯುವುದೂ ಇಲ್ಲ. ನೀರು ಕುಡಿಯಲು, ಮೇಯಲು ಬರುವ ಜಾಗಗಳನ್ನೇ ಆರಿಸಿಕೊಳ್ಳಿ. ಸಂರಕ್ಷಿತ ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗುಡಾರ ಹಾಕಲೇಬಾರದು.

ಬಿದಿರು ಮತ್ತು ಬಲೆಯ ಮರೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮೂರಲ್ಲಿ ಜೋಳದ ತೆನೆ ಕಟ್ಟುವ ಕಾಲಕ್ಕೆ ಗಿಳಿ ಕಾಯಲು ಅಟ್ಟಣೆ ಕಟ್ಟುತ್ತಿದ್ದರು, ಕವಣೆ ಹಿಡಿದು ಅದರ ಮೇಲೆ ನಾನೂ ಕುಳಿತಿದ್ದೇನೆ. ಎರಡು ಮೂರು ದಿನ ಕಳೆದರೆ ಹಕ್ಕಿಗಳು ಅಟ್ಟಣೆಯನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮೇಲಿರುವವನು ಅಲುಗಿದರಷ್ಟೇ ಏಳುತ್ತಿದ್ದವು. ಪರಿಚಯದ ರೈತರೊಬ್ಬರು ಒಪ್ಪಿ ತಮ್ಮ ಹೊಲದಲ್ಲಿ ಜಾಗ ಕೊಟ್ಟರೆ, ಕಟ್ಟಿ ವಾರಗಟ್ಟಲೆ ಬಿಟ್ಟ ಮರೆಗೆ ಸಮನಾದದ್ದು ಬೇರಿಲ್ಲ. ಪ್ರತಿ ಭಾನುವಾರ ಕಟ್ಟಿ ಬಿಚ್ಚುವುದಾದರೆ ಮಾತ್ರ ಆ ಕೆಲಸ ಬೇಡ.

ಕೋಥ್ರೂಡ್ ಕನ್ನಡಿಗ (ಪುಣೆ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಹಾಲ್‌ನಲ್ಲಿ ಚೌಕ ಬರೆದು ಕುಳಿತೆವು. ಬಾಲ್ಕನಿಯ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಕಾಯುವುದೆಂದು ಗೊತ್ತುಮಾಡಿದ್ದೆವು. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಅಗಲಿಸಿದರೆ ಮಗಳ ಸ್ಟೂಲು ಗೆರೆಯ ಹೊರಗೆ ಹೋಗುತ್ತದೆ, ಒಂದು ಕಾಲನ್ನು ನನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡರೆ ಇಬ್ಬರಿಗೂ ಸಾಕಾಗುತ್ತದೆ. ಅವಳು ನಲವತ್ತು ನಿಮಿಷ ಕುಳಿತಳು, ಸೂರಕ್ಕಿ ಎರಡು ಸಲ ಬಂತು, ಎರಡು ಸಲವೂ ಮೊದಲು ನೋಡಿದವಳು ಅವಳೇ.

ತಮ್ಮನಿಗೆ ಗುಡಾರ ತರಲು ಹೇಳಿದ್ದೇನೆ, ಮಂಕು ಬಟ್ಟೆಯದು, ವಾಸನೆ ತಡೆಯುವ ಪದರವಿಲ್ಲದ್ದು. ಅಲ್ಲಿಯವರೆಗೆ ಹಳೆಯ ಕಡುನೀಲಿ ಹೊದಿಕೆಯನ್ನು ಕತ್ತರಿಸಿ ಕಾರಿನ ಎರಡು ಕಿಟಕಿಗಳಿಗೆ ಪರದೆ ಹೊಲಿಸುತ್ತಿದ್ದೇವೆ.

ಒಂದೇ ಅನುಮಾನ ಉಳಿದಿದೆ. ತಮ್ಮ ಅಳೆದು ಹೇಳಿದ ಪ್ರಕಾರ ಕಿಟಕಿಯ ಕೆಳ ಅಂಚು ನೆಲದಿಂದ ಮೂರು ಅಡಿ ಎತ್ತರದಲ್ಲಿದೆ, ನಮ್ಮ ಸ್ಟೂಲಿನ ಮೇಲೆ ಕುಳಿತಾಗ ಮಗಳ ಕಣ್ಣೂ ಸರಿಯಾಗಿ ಮೂರು ಅಡಿಗೆ ಬರುತ್ತದೆ. ಸ್ಟೂಲನ್ನು ಎಷ್ಟು ಏರಿಸಬೇಕು?

ಟಿಟ್ಟಿಭ (ಔಂಧ್, ಪುಣೆ):

ನಾಲ್ಕರಿಂದ ಐದು ಅಂಗುಲ ಏರಿಸಿ. ಕಣ್ಣು ಅಂಚಿನ ಸಮಕ್ಕೇ ಇದ್ದರೆ ಅವಳು ಕತ್ತು ಚಾಚುತ್ತಾಳೆ, ಮುಖ ಕಿಟಕಿಯ ಬೆಳಕಿಗೆ ಬರುತ್ತದೆ. ಸ್ವಲ್ಪ ಮೇಲಿದ್ದರೆ ಹಿಂದೆ ಸರಿದು, ಕತ್ತಲೆಯಲ್ಲೇ ಕುಳಿತು ನೀರಿನ ಅಂಚಿನವರೆಗೂ ನೋಡಬಹುದು. ಬೆನ್ನುಚೀಲವನ್ನು ಮರೆಯಬೇಡಿ.