ಪಾತ್ರದ ಗಾಂಭೀರ್ಯವನ್ನು ಓದುಗರಿಗೆ ಕಾಣಿಸುವುದು ಹೇಗೆ?

ಪ್ರಶ್ನೆ:
ನಾನು ಬರೆಯುತ್ತಿರುವ ಕಥೆಯಲ್ಲಿ, ಜಮೀನಿನ ವ್ಯಾಜ್ಯದ ತೀರ್ಪು ತಮಗೆ ವಿರುದ್ಧವಾಗಿದೆ ಎಂಬುದು ಮನೆಯ ಯಜಮಾನರಿಗೆ ವಕೀಲರ ಪತ್ರದಿಂದ ತಿಳಿಯುತ್ತದೆ. ಮಕ್ಕಳು, ಸೊಸೆಯಂದಿರು ಎದುರಿಗೇ ಕುಳಿತಿದ್ದಾರೆ. ಯಜಮಾನರು ಸಿಡುಕುವವರಲ್ಲ, ಕುಸಿಯುವವರೂ ಅಲ್ಲ. ‘ಅವರ ಮುಖ ಗಂಭೀರವಾಯಿತು’ ಎಂದು ಬರೆದರೆ ಓದುಗರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಹುಬ್ಬು ಗಂಟಿಕ್ಕಿದರು’ ಎಂದರೆ ಸಿಟ್ಟು ಬಂದಂತಾಗುತ್ತದೆ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ನಮ್ಮ ಲಾಕ್ಷಣಿಕರು, ಅಂದರೆ ಕಾವ್ಯ ನಾಟಕಗಳ ಶಾಸ್ತ್ರ ಬರೆದವರು, ಇದನ್ನು ಬಹಳ ಹಿಂದೆಯೇ ಚಿಂತಿಸಿದ್ದಾರೆ. 10ನೆಯ ಶತಮಾನದ ಧನಂಜಯನು ‘ದಶರೂಪಕ’ ಎಂಬ ನಾಟಕಶಾಸ್ತ್ರದ ಗ್ರಂಥದಲ್ಲಿ ನಾಯಕನ ಎಂಟು ಗುಣಗಳನ್ನು ಹೇಳುವಾಗ ಗಾಂಭೀರ್ಯವನ್ನೂ ಸೇರಿಸಿ, ಹೊರಗೆ ವಿಕಾರ ಕಾಣಿಸದಿರುವುದೇ ಅದರ ಲಕ್ಷಣ ಎನ್ನುತ್ತಾನೆ. ಪಟ್ಟಾಭಿಷೇಕಕ್ಕೆ ಕರೆದಾಗಲೂ ಕಾಡಿಗೆ ಕಳುಹಿಸಿದಾಗಲೂ ರಾಮನ ಚಹರೆಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ ಎಂಬುದು ಇದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಆದ್ದರಿಂದ ಮುಖವನ್ನು ವರ್ಣಿಸುವ ಗೋಜಿಗೇ ಹೋಗಬೇಡಿ. ಸುತ್ತಲಿನವರ ಗಾಬರಿಯನ್ನು ಬರೆಯಿರಿ. ಯಜಮಾನರ ನಿಶ್ಚಲತೆ ತಾನಾಗಿಯೇ ಎದ್ದು ಕಾಣುತ್ತದೆ.

ಉತ್ತರ 2:
ಮೇಲಿನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ರಾಮನ ಮನಸ್ಸು ಓದುಗರಿಗೆ ಮೊದಲೇ ಗೊತ್ತಿದೆ. ಹೊಸ ಕಥೆಯ ಯಜಮಾನರು ಏನೂ ಆಗದವರಂತೆ ಕುಳಿತುಬಿಟ್ಟರೆ, ಅವರಿಗೆ ಜಮೀನಿನ ಚಿಂತೆಯೇ ಇಲ್ಲವೆಂದು ಓದುಗರು ತಿಳಿದಾರು. ತಡೆದುಕೊಳ್ಳುವ ಶ್ರಮ ಎಲ್ಲಾದರೂ ಒಂದು ಕಡೆ ಕಾಣಬೇಕು, ಅದು ಕೈಯಲ್ಲಿ ಕಂಡರೆ ಇನ್ನೂ ಒಳ್ಳೆಯದು: ‘ಪತ್ರವನ್ನು ಕೊನೆಯವರೆಗೆ ಓದಿ ಮತ್ತೆ ಮೊದಲ ಸಾಲಿಗೆ ಬಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳಲಿಲ್ಲ.’

ಇನ್ನು ಹುಬ್ಬಿನ ವಿಷಯ. ಭಾವಗಳ ಅಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಗ್ರಂಥ ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್, ದುಃಖದಲ್ಲಿ ಹುಬ್ಬುಗಳ ಒಳತುದಿ ಮೇಲೇರುವುದನ್ನೂ, ಯೋಚನೆಗೆ ತೊಡಕು ಎದುರಾದಾಗ ಹುಬ್ಬುಗಳು ಕೆಳಗಿಳಿದು ಒಂದಕ್ಕೊಂದು ಹತ್ತಿರವಾಗುವುದನ್ನೂ ಬೇರೆಬೇರೆಯಾಗಿ ವಿವರಿಸಿದ್ದಾನೆ. ಗಂಟಿಕ್ಕಿದ ಹುಬ್ಬೆಲ್ಲ ಸಿಟ್ಟಿನದಲ್ಲ. ಪತ್ರ ಓದುತ್ತಿರುವಾಗ ಯಜಮಾನರ ಹುಬ್ಬು ಗಂಟಿಕ್ಕಲಿ, ಓದಿ ಮುಗಿದ ಮೇಲೆ ಸಡಿಲವಾಗಲಿ; ಆಗ ಅದನ್ನು ಯಾರೂ ಕೋಪವೆಂದು ಓದುವುದಿಲ್ಲ.

ಉತ್ತರ 3:
ಕನ್ನಡಕದ ವಾಕ್ಯಗಳು ಬಹಳ ಹಿಡಿಸಿದವು. ಅವುಗಳ ಜೊತೆಗೆ ಮಾತಿನ ಕಡೆಗೂ ಗಮನವಿರಲಿ. ‘ಭಾರವಾದ ದನಿಯಲ್ಲಿ’ ಎಂಬಂತಹ ವಿಶೇಷಣಗಳನ್ನು ಬಿಟ್ಟು, ಹಿರಿಯ ಮಗ ‘ಮೇಲ್ಮನವಿ ಹಾಕೋಣವೇ ಅಪ್ಪಯ್ಯ?’ ಎಂದು ಕೇಳಿದಾಗ ಅದಕ್ಕೆ ಉತ್ತರಿಸದೆ, ‘ನಾಳೆ ಬರುವುದು ಬೇಡವೆಂದು ಆಳುಗಳಿಗೆ ಹೇಳಿಬಿಡು’ ಎಂದಷ್ಟೇ ಅವರು ನುಡಿಯಲಿ. ಈ ಮಾತು ನಾಟಬೇಕಾದರೆ, ಅವರು ಅದೇ ಆಳುಗಳೊಡನೆ ಗದ್ದೆಯ ಬದುವಿನಲ್ಲಿ ಕುಳಿತು ಹರಟುವ ಸನ್ನಿವೇಶವೊಂದನ್ನು ಹಿಂದಿನ ಪುಟಗಳಲ್ಲಿಯೇ ಬರೆದಿರಬೇಕು.